ಬಾಳೆಕಂದು ಒಣಗಿದ ಮೂರು ವಾರ

ಹೋದ ತಿಂಗಳು ಅನಂತಪುರಕ್ಕೆ ಹೋಗುವಾಗ ಕೊಡಿಕೊಂಡ ಚೆಕ್‌ಪೋಸ್ಟಿನ ಹತ್ತಿರ ಟೀಗೆಂದು ಕಾರು ನಿಲ್ಲಿಸಿದೆವು. ಪಕ್ಕದಲ್ಲಿ ಬಾಳೆಕಂದು ತುಂಬಿದ ಲಾರಿಯೊಂದು ನಿಂತಿತ್ತು. ಬೆಳಿಗ್ಗೆಯಷ್ಟೇ ಕಡಿದದ್ದಿರಬೇಕು, ಕತ್ತರಿಸಿದ ತುದಿಗಳಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಆ ಹಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ಕೈಯಲ್ಲಿದ್ದ ಟೀ ಬೇಡವಾಯಿತು. ಲೋಟ ಹಾಗೇ ಇಟ್ಟು ಬಂದು ಕಾರಿನಲ್ಲಿ ಕೂತೆ. "ಯಾಕೆ ಮೇಡಮ್, ಟೀ ಚೆನ್ನಾಗಿರಲಿಲ್ವಾ?" ಅಂತ ಡ್ರೈವರ್ ಕೇಳಿದ. ಟೀ ಚೆನ್ನಾಗಿಯೇ ಇತ್ತು.

ನಾನು ಹಿಂದೂಪುರದಲ್ಲಿ ಇದ್ದದ್ದು ಒಂದೇ ಒಂದು ಮಳೆಗಾಲ, ಆಷಾಢದಿಂದ ಕಾರ್ತಿಕದವರೆಗೆ. ನಾಲ್ಕು ವರ್ಷದ ಹಿಂದಿನ ಮಾತು. ಆ ವರ್ಷ ಜ್ಯೇಷ್ಠದಲ್ಲಿ ಅಮ್ಮ ತೀರಿಕೊಂಡಿದ್ದಳು. ಹದಿನಾಲ್ಕನೇ ದಿನ ಮುಗಿಸಿ ಹದಿನೈದನೇ ದಿನ ಆಫೀಸಿಗೆ ಹೋದೆ. ಅಳು ಬಂದಿರಲಿಲ್ಲ. ನೆಂಟರು ಗಟ್ಟಿ ಹುಡುಗಿ ಅಂದರು. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ. ಹಲ್ಲು ಕೀಳುವ ಮೊದಲು ಡಾಕ್ಟರು ಇಂಜೆಕ್ಷನ್ ಕೊಟ್ಟ ಮೇಲೆ ತುಟಿ ಹೇಗಿರುತ್ತದೆ? ಮುಟ್ಟಿದರೆ ಇದೆ ಅಂತ ಗೊತ್ತಾಗುತ್ತದೆ, ಆದರೆ ಅದು ನಮ್ಮದಲ್ಲ. ನನಗೆ ಮೈಯೆಲ್ಲ ಹಾಗಿತ್ತು. ಹಿಂದೂಪುರಕ್ಕೆ ಯಾರು ಹೋಗುತ್ತೀರಿ ಅಂತ ಮೀಟಿಂಗಿನಲ್ಲಿ ಕೇಳಿದಾಗ ಎಲ್ಲರೂ ಒಟ್ಟಿಗೆ ಲ್ಯಾಪ್‌ಟಾಪ್ ನೋಡತೊಡಗಿದರು. ನಾನು ಹೂಂ ಅಂದೆ. ಆ ವರ್ಷ ನಾನು ಯಾರು ಏನು ಕೇಳಿದರೂ ಹೂಂ ಅನ್ನುತ್ತಿದ್ದೆ.

ನನ್ನ ಕೆಲಸವನ್ನು ಮನೆಯಲ್ಲಿ ಟವರ್ ಕೆಲಸ ಅಂದುಬಿಡುತ್ತೇನೆ. ಇಲ್ಲಿ ಸ್ವಲ್ಪ ಬಿಡಿಸಿ ಹೇಳದೆ ಗತ್ಯಂತರವಿಲ್ಲ. ಈಗಿನ ಟವರುಗಳ ಮೇಲೆ ಕಿಟಕಿ ಬಾಗಿಲಿನಷ್ಟಗಲದ ಒಂದು ಬಿಳಿ ಹಲಗೆ ಇರುತ್ತದೆ. ಅದರೊಳಗೆ ಸಾಲಿಗೆ ಎಂಟರಂತೆ ಎಂಟು ಸಾಲು, ಒಟ್ಟು ಅರವತ್ತನಾಲ್ಕು ಆಂಟೆನಾಗಳು. ನಿಮ್ಮ ಫೋನು ಆಗಾಗ ಒಂದು ಕೂಗು ಹಾಕುತ್ತಿರುತ್ತದೆ, ಅದಕ್ಕೆ ನಾವು ಪೈಲಟ್ ಅನ್ನುತ್ತೇವೆ. ಅದರಲ್ಲಿ ಸುದ್ದಿಯೇನೂ ಇರುವುದಿಲ್ಲ. ಫೋನು ಏನು ಕೂಗುತ್ತದೆ ಅಂತ ಟವರಿಗೆ ಮೊದಲೇ ಗೊತ್ತು. ಗೊತ್ತಿಲ್ಲದ್ದು ಆ ಕೂಗು ಯಾವ ದಾರಿಯಲ್ಲಿ ಬಂತು ಅನ್ನುವುದು. ಎದುರು ಮನೆ ಗೋಡೆಗೆ ಬಡಿದು ಬಂತೋ, ಬೇವಿನ ಮರದ ಸಂದಿಯಿಂದ ನುಸುಳಿ ಬಂತೋ. ಅರವತ್ತನಾಲ್ಕು ಆಂಟೆನಾಗಳಿಗೂ ಅದು ಒಂದೊಂದು ಚೂರು ಬೇರೆಯಾಗಿ ಕೇಳಿಸುತ್ತದೆ. ಆ ವ್ಯತ್ಯಾಸ ನೋಡಿಕೊಂಡು ದಾರಿಯನ್ನು ಅಂದಾಜು ಮಾಡಬೇಕು. ಅಂದಾಜು ಸರಿಬಂದರೆ ಟವರು ಅದೇ ದಾರಿಯಲ್ಲಿ ನೇರ ನಿಮ್ಮ ಫೋನಿಗೇ ಮಾತು ತಲುಪಿಸುತ್ತದೆ. ತಪ್ಪಿದರೆ ಮಾತು ಪಕ್ಕದ ಮನೆ ಗೋಡೆಗೆ ಹೋಗಿ ಬಡಿಯುತ್ತದೆ. ಇದಕ್ಕೆ ಚಾನೆಲ್ ಎಸ್ಟಿಮೇಶನ್ ಅಂತ ಹೆಸರು, ಹತ್ತು ವರ್ಷದಿಂದ ನನ್ನ ಅನ್ನ ಅದರಿಂದಲೇ.

ನಮ್ಮ ಕಂಪನಿ ಹೊಸದೊಂದು ಲೆಕ್ಕದ ವಿಧಾನ ಕಟ್ಟಿತ್ತು. ಬೇರೆಯವರಿಗೆ ನೂರು ಕೂಗು ಬೇಕಾದಲ್ಲಿ ನಾವು ನಾಲ್ಕೇ ಕೂಗಿನಲ್ಲಿ ದಾರಿ ಹಿಡಿಯುತ್ತೇವೆ ಅನ್ನುವ ಹಮ್ಮು. ಆದರೆ ಆ ಲೆಕ್ಕ ಒಂದು ನಂಬಿಕೆಯ ಮೇಲೆ ನಿಂತಿತ್ತು, ಅರವತ್ತನಾಲ್ಕು ಆಂಟೆನಾಗಳೂ ಒಂದೇ ಥರ ಕೇಳಿಸಿಕೊಳ್ಳುತ್ತವೆ ಅಂತ. ಅದನ್ನು ಎರಡು ಕಡೆ ಪರೀಕ್ಷೆಗೆ ಇಟ್ಟಿದ್ದರು. ಒಂದು ಹಲಗೆ ಹಿಂದೂಪುರದ ಪೇಟೆ ನಡುವೆ, ಇನ್ನೊಂದು ಕಲ್ಯಾಣದುರ್ಗದಲ್ಲಿ ಮೂರು ಮಹಡಿ ಕಟ್ಟಡದ ತಾರಸಿ ಮೇಲೆ, ಬೆಳುಗುಪ್ಪದ ಕಡೆಗೆ ಮುಖ ಮಾಡಿ. ಆ ದಿಕ್ಕಿನಲ್ಲಿ ಕಣ್ಣಿಗೆ ಎಟುಕುವಷ್ಟೂ ದೂರ ಗಾಳಿಯಂತ್ರಗಳು, ಅಲ್ಲಿಯವರ ಬಾಯಲ್ಲಿ ಫ್ಯಾನುಗಳು. ಅವುಗಳ ರೆಕ್ಕೆ ತಿರುಗಿದಂತೆಲ್ಲ ಕೂಗಿನ ದಾರಿಯೂ ಬದಲಾಗುತ್ತಿರುತ್ತದೆ. ಅಂಥ ಕಡೆ ಪಾಸಾದರೆ ಎಲ್ಲಿ ಬೇಕಾದರೂ ಪಾಸಾಗುತ್ತದೆ ಅನ್ನುವುದು ಮೇಲಿನವರ ಲೆಕ್ಕ.

ಹಿಂದೂಪುರದಲ್ಲಿ ಹುಣಸೆಹಣ್ಣಿನ ವ್ಯಾಪಾರದವರ ಮನೆಯ ಮೇಲೆ ನನಗೊಂದು ರೂಮು ಸಿಕ್ಕಿತು. ಮನೆಯ ಯಜಮಾನಿ ಪಾರ್ವತಮ್ಮ ದಿನಾ ಮೆಟ್ಟಿಲ ಬುಡದಲ್ಲಿ ನಿಂತು, "ಉಂಡ್ಯೇನಮ್ಮ?" ಅನ್ನುತ್ತಿದ್ದರು. ಹೂಂ ಅನ್ನುತ್ತಿದ್ದೆ. ಉಂಡಿದ್ದೆನೋ ಇಲ್ಲವೋ ಈಗ ನೆನಪಿಲ್ಲ. ವಾರದಲ್ಲಿ ಒಂದು ದಿನ ಬಸ್ಸು ಹತ್ತಿ ಕಲ್ಯಾಣದುರ್ಗಕ್ಕೆ ಹೋಗಿ ಬರುವುದು, ಉಳಿದ ದಿನ ರೂಮಿನಲ್ಲಿ ಕೂತು ಎರಡೂ ಕಡೆಯ ಅಂಕಿಗಳನ್ನು ನೋಡುವುದು. ಮಳೆಗಾಲ ಅಂದರೆ ಕಲ್ಯಾಣದುರ್ಗದಲ್ಲಿ ಮಳೆಯಲ್ಲ, ಗಾಳಿ. ಬಸ್‌ಸ್ಟ್ಯಾಂಡಿನಿಂದ ಕಟ್ಟಡಕ್ಕೆ ಹೋಗುವಷ್ಟರಲ್ಲಿ ಹಲ್ಲಿನ ನಡುವೆ ಮಣ್ಣು ಕರಕರ ಅನ್ನುತ್ತಿತ್ತು.

ಅಲ್ಲಿ ಹಲಗೆಯನ್ನು ನೋಡಿಕೊಳ್ಳುತ್ತಿದ್ದವರು ಈರಣ್ಣ. ಬೆಳುಗುಪ್ಪದ ಹತ್ತಿರದ ಹಳ್ಳಿಯವರು, ಐವತ್ತರ ಸುಮಾರು, ಹಣೆಯ ತುಂಬ ವಿಭೂತಿ. ವೈರಿಂಗು, ಬಾವಿ ಮೋಟರು, ಕೇಬಲ್ ಟೀವಿ, ಎಲ್ಲದರಲ್ಲೂ ಕೈಯಾಡಿಸಿದವರು. ಈಗ ಕಂಟ್ರಾಕ್ಟರನ ಕಡೆಯಿಂದ ದಿನಗೂಲಿಯ ಮೇಲೆ ಬಂದಿದ್ದರು. ಮೊದಲ ದಿನ ಏಣಿಯ ಮೇಲೆ ನಿಂತೇ ನನ್ನನ್ನು ವಿಚಾರಿಸಿದರು.

"ಹಿಂದೂಪುರದಿಂದ ಬಂದ್ರಾ ಮೇಡಮ್? ಅಲ್ಲಿ ಇರ್ಬ್ಯಾಡಿ. ಹುಣಸೆಹಣ್ಣು ತೂಗಿ ತೂಗಿ ಅಲ್ಲಿಯೋರ ಮುಖನೇ ಹುಳಿ. ಅಪ್ಪ ಅವ್ವ ಎಲ್ಲವ್ರೆ?"

"ಅಪ್ಪ ಮಧುಗಿರೀಲಿ. ಅಮ್ಮ ಹೋದ ತಿಂಗಳು ತೀರ್ಕೊಂಡ್ರು" ಅಂದೆ, ಬಸ್ಸಿನ ಟೈಮು ಹೇಳಿದ ಹಾಗೆ.

ಈರಣ್ಣ ಏಣಿ ಇಳಿದು ಬಂದರು. "ಅಯ್ಯೋ ದೇವ್ರೆ, ಕುಂತ್ಕಳಿ ಮೇಡಮ್" ಅಂತ ತಮ್ಮ ಸ್ಟೂಲು ಎಳೆದು ಕೊಟ್ಟರು. ಆ ದಿನ ಅವರು ಮತ್ತೆ ತಮಾಷೆ ಮಾಡಲಿಲ್ಲ.

ಈ ಪರೀಕ್ಷೆ ಪಾಸಾದರೆ ಕಲ್ಯಾಣದುರ್ಗದ ಹಲಗೆ ಅಲ್ಲೇ ಕಾಯಂ ಆಗುವುದಿತ್ತು, ಅದರ ಜೊತೆಗೆ ಈರಣ್ಣನೂ. ಹಾಗಂತ ಕಂಪನಿಯವರು ಮಾತು ಕೊಟ್ಟಿದ್ದರು. ಐವತ್ತು ವರ್ಷಕ್ಕೆ ಮೊದಲ ಸಲ ಕೊರಳಿಗೆ ಫೋಟೋ ಇರುವ ಕಾರ್ಡು, ಅದರ ಬೆನ್ನಿಗೇ ಆಸ್ಪತ್ರೆ ಖರ್ಚು ನೋಡಿಕೊಳ್ಳುವ ಇಎಸ್‌ಐ ಕಾರ್ಡು. ಅವರ ಹೆಂಡತಿಗೆ ಸಕ್ಕರೆ ಕಾಯಿಲೆ ಕಾಲಿಗೆ ಇಳಿದಿತ್ತು. "ಆ ಕಾರ್ಡೊಂದು ಬಂದ್ಬುಟ್ರೆ ನಮ್ಮೋಳ ಕಾಲು ಉಳೀತದೆ ಮೇಡಮ್" ಅನ್ನುತ್ತಿದ್ದರು. ಫೋಟೋ ಆಗಲೇ ತೆಗೆಸಿ ಜೇಬಿನಲ್ಲಿ ಇಟ್ಟುಕೊಂಡಿದ್ದರು. ವಾರಕ್ಕೊಂದು ಸಲ ನಾನು ಹೋದಾಗ ಮೊದಲ ಪ್ರಶ್ನೆ ಒಂದೇ, "ನಂದು ಪಾಸಾ?" ಶ್ರಾವಣ, ಭಾದ್ರಪದ ಎರಡೂ ತಿಂಗಳು ಅಂಕಿಗಳು ಚೆನ್ನಾಗಿದ್ದವು. ರೆಕ್ಕೆಗಳು ಎಷ್ಟು ಜೋರಾಗಿ ತಿರುಗಿದರೂ ಅಂದಾಜು ತಪ್ಪಲಿಲ್ಲ. ಪಾಸಾಗೋ ಹಾಗಿದೆ ಈರಣ್ಣ ಅಂದಿದ್ದೆ.

ಆಯುಧಪೂಜೆ ದಿನ ಪಾರ್ವತಮ್ಮನ ಮನೆಗೆ ಗೋರಂಟ್ಲದಿಂದ ನೆಂಟರು ಬಂದಿಳಿದರು. ತೂಕದ ಕಲ್ಲು, ಸ್ಕೂಟರು, ಮಿಕ್ಸಿ, ಎಲ್ಲಕ್ಕೂ ಕುಂಕುಮ. ಮಕ್ಕಳ ಗಲಾಟೆ. ಕೆಳಗೆ ಬಾ ಅಂತ ಮೂರು ಸಲ ಕರೆದರು. ಆ ಗದ್ದಲ ಬೇಡವಾಗಿ, ರಜೆಯಾದರೂ ಕಲ್ಯಾಣದುರ್ಗದ ಬಸ್ಸು ಹತ್ತಿದೆ. ಅಲ್ಲಿ ಈರಣ್ಣ ಒಬ್ಬರೇ ಇದ್ದರು, ಹೊಸ ಪಂಚೆಯಲ್ಲಿ. ತಾರಸಿ ತೊಳೆದು ರಂಗೋಲಿ ಬಿಟ್ಟಿದ್ದರು. ನಾನು ಕೆಳಗಿನ ಕೋಣೆಯಲ್ಲಿ ಲ್ಯಾಪ್‌ಟಾಪ್ ತೆಗೆದು ಕೂತೆ. ಸ್ವಲ್ಪ ಹೊತ್ತಿಗೆ ಅವರು ಬಾಗಿಲಿಗೆ ಬಂದರು. ಎರಡು ಹೆಗಲಿನ ಮೇಲೂ ಒಂದೊಂದು ಬಾಳೆಕಂದು.

"ಮೇಡಮ್, ನಂ ಹಲಗೆ ಅಕ್ಕಪಕ್ಕ ಇವೆರಡು ಕಟ್ಲಾ? ಸಿಗ್ನಲ್‌ಗೆ ಏನೂ ತೊಂದ್ರೆ ಆಗಲ್ವಲ್ಲ?"

"ಹೂಂ" ಅಂದೆ.

"ನೋಡಿ ಮತ್ತೆ. ಬ್ಯಾಡ ಅಂದ್ರೆ ಬ್ಯಾಡ. ಕೆಳಗ್ಲ ಬಾಗ್ಲಿಗೆ ಕಟ್ಬುಡ್ತೀನಿ."

"ಹೂಂ, ಕಟ್ಟಿ."

ಆಮೇಲೆ ಮಂಗಳಾರತಿಗೆ ಕರೆದರು, ಹೋದೆ. ಬಿಳಿ ಹಲಗೆಯ ಮೇಲೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ. ಎರಡೂ ಬದಿಗೆ ಆಳೆತ್ತರದ ಕಂದು, ಅವುಗಳ ಎಲೆ ಗಾಳಿಗೆ ಹಲಗೆಯ ಮುಖದ ಮೇಲೇ ಆಡುತ್ತಿತ್ತು. ಬಾಳೆಕಂದಿನ ತುಂಬ ನೀರು, ನೀರು ಎದುರಿದ್ದರೆ ರೇಡಿಯೋ ಅಲೆ ಮುಗ್ಗರಿಸುತ್ತದೆ. ಇದು ನಮ್ಮ ಕೆಲಸಕ್ಕೆ ಸೇರಿದ ಮೊದಲ ವರ್ಷದವರಿಗೂ ಗೊತ್ತಿರುವ ವಿಷಯ. ನನ್ನ ಕಣ್ಣಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಆರತಿ ತಗೊಂಡು, ಕೊಟ್ಟ ಕಡಲೆಪುರಿ ತಿಂದು, ಸಂಜೆ ಬಸ್ಸಿಗೆ ವಾಪಸ್ಸಾದೆ.

ಮಾರನೇ ದಿನದಿಂದ ಕಲ್ಯಾಣದುರ್ಗದ ಅಂದಾಜು ಕೆಟ್ಟಿತು. ಚೂರುಪಾರಲ್ಲ, ಪೂರ್ತಿ. ನಾಲ್ಕು ಕೂಗಿನಲ್ಲಿ ದಾರಿ ಹಿಡಿಯುತ್ತೇನೆ ಅಂದ ಲೆಕ್ಕ ನಲವತ್ತರಲ್ಲೂ ಹಿಡಿಯಲಿಲ್ಲ. ಹೈದರಾಬಾದಿನಿಂದ ನಮ್ಮ ಸಾಹೇಬರು ಫೋನ್ ಮಾಡಿದರು. ಗಾಳಿಯಂತ್ರದ್ದೇ ಇರಬೇಕು ಅಂದೆ. ಅವರಿಗೂ ಅದು ಒಪ್ಪಿತವಾಯಿತು. ಮೊದಲ ವಾರದ ರಿಪೋರ್ಟಿನಲ್ಲಿ ಹಾಗೇ ಬರೆದೆ, ಎರಡನೇ ವಾರ ಮೊದಲನೆಯದನ್ನೇ ನಕಲು ಮಾಡಿ ತಾರೀಖು ಬದಲಾಯಿಸಿದೆ. ಈ ಜಾಗ ನಮ್ಮ ವಿಧಾನಕ್ಕೆ ಒಗ್ಗುವುದಿಲ್ಲ, ಹಲಗೆಯನ್ನು ಬೇರೆ ಕಡೆ ಸಾಗಿಸುವುದು ಮೇಲು ಅಂತ ಕೊನೆಗೆ ಒಂದು ಸಾಲು. ಆ ಎರಡು ವಾರವೂ ಕಲ್ಯಾಣದುರ್ಗಕ್ಕೆ ಹೋಗಿದ್ದೆ. ಕೆಳಗಿನ ಕೋಣೆಯಲ್ಲೇ ಕೂತು ಬಂದೆ, ತಾರಸಿ ಹತ್ತಲಿಲ್ಲ. ಬೇಡ ಅಂತಲ್ಲ, ಹತ್ತಬೇಕು ಅನ್ನಿಸಲಿಲ್ಲ.

"ಫ್ಯಾನುಗಳು ಮೊದ್ಲೂ ಇದ್ವಲ್ಲ ಮೇಡಮ್?" ಅಂತ ಈರಣ್ಣ ಎರಡನೇ ವಾರ ಮೆಲ್ಲಗೆ ಕೇಳಿದರು. "ಆವಾಗ ಇಲ್ದಿದ್ದು ಈಗ್ಯಾಕೆ ಬಂತು?"

ಗೊತ್ತಿಲ್ಲ ಅಂದೆ. ನನಗಿಂತ ಅವರೇ ಒಳ್ಳೆ ಎಂಜಿನಿಯರ್ ಅಂತ ಈಗ ಅನ್ನಿಸುತ್ತದೆ.

ಮೂರನೇ ವಾರ ಅಂಕಿಗಳನ್ನು ಸುಮ್ಮನೆ ಒಂದರ ಕೆಳಗೊಂದು ಇಡುತ್ತಿದ್ದಾಗ ಒಂದು ವಿಚಿತ್ರ ಕಂಡಿತು. ತಪ್ಪು ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿತ್ತು. ಗಾಳಿ ಇಳಿದಿರಲಿಲ್ಲ. ರೆಕ್ಕೆಗಳು ಮೊದಲಿನಂತೆಯೇ ತಿರುಗುತ್ತಿದ್ದವು. ಅದೂ ಅಲ್ಲದೆ ತಪ್ಪು ಬರುತ್ತಿದ್ದದ್ದು ಎಡ ಬಲ ಅಂಚಿನ ಆಂಟೆನಾಗಳಿಂದ ಮಾತ್ರ, ನಡುವಿನವು ಚೆನ್ನಾಗಿದ್ದವು. ಎರಡು ಅಂಚಿನಲ್ಲಿ ಏನೋ ಇದೆ, ಅದು ದಿನಾ ಒಣಗುತ್ತಿದೆ. ಅಷ್ಟು ಹೊತ್ತಿಗೆ ನನಗೆ ಗೊತ್ತಾಯಿತು.

ಬೆಳಿಗ್ಗೆಯ ಬಸ್ಸಿಗೆ ಹೋಗಿ ನೇರ ತಾರಸಿ ಹತ್ತಿದೆ. ಕಂದುಗಳು ಇನ್ನೂ ಇದ್ದವು, ಕಂದುಬಣ್ಣಕ್ಕೆ ತಿರುಗಿ ಸುಕ್ಕಾಗಿ. ಈರಣ್ಣ ಬೆನ್ನ ಹಿಂದೆಯೇ ಬಂದರು.

"ಇದನ್ನ ಯಾಕೆ ತೆಗೀಲಿಲ್ಲ ಈರಣ್ಣ?"

"ಪೂಜೆಗೆ ಕಟ್ಟಿದ್ದನ್ನ ನಾವಾಗೇ ಕೀಳಬಾರ್ದು ಮೇಡಮ್. ತಾನಾಗೇ ಒಣಗಿ ಉದುರ್ಬೇಕು. ನಮ್ಮಲ್ಲಿ ಅಂಗಡಿಯೋರು, ಲಾರಿಯೋರು ಎಲ್ಲಾ ಹಂಗೇ ಬುಡ್ತಾರೆ."

ವಿಷಯ ಹೇಳಿದೆ. ಒಂದು ನಿಮಿಷ ಅವರ ಮುಖ ಸಣ್ಣದಾಯಿತು. ಆಮೇಲೆ ಕೈಮುಗಿದು, ತಪ್ಪಾಯ್ತು ಅಂತ ಹಲಗೆಗೋ ದೇವರಿಗೋ ಹೇಳಿ, ತಾವೇ ಕುಡುಗೋಲು ತಂದು ಎರಡನ್ನೂ ಕೊಯ್ದು ಹಾಕಿದರು. ಕೆಳಗೆ ಬಂದು ನೋಡಿದರೆ ಅಂಕಿಗಳು ಭಾದ್ರಪದದಲ್ಲಿ ಇದ್ದ ಹಾಗೆಯೇ ಇದ್ದವು. ಈರಣ್ಣನಿಗೆ ಹಿಡಿಸಲಾರದಷ್ಟು ಸಂತೋಷ. "ಹಂಗಾದ್ರೆ ಫ್ಯಾನುಗಳ್ದು ತಪ್ಪಿಲ್ಲ. ಹಲಗೆ ಎಲ್ಲಿಗೂ ಹೋಗಲ್ಲ. ಪಾಸು ಕಣಮ್ಮ, ಪಾಸು!" ಮೊದಲ ಸಲ ಮೇಡಮ್ ಬಿಟ್ಟು ಅಮ್ಮ ಅಂದಿದ್ದರು. ರಿಪೋರ್ಟಿಗೆ ಬೇಕು ಅಂದಾಗ ಕಂದು ಎಷ್ಟು ದಪ್ಪ ಇತ್ತು, ಎಲ್ಲೆಲ್ಲಿ ಕಟ್ಟಿದ್ದು, ಎಲೆ ಎಷ್ಟು ಉದ್ದ, ಎಲ್ಲವನ್ನೂ ಮೊಳ ಹಾಕಿ ತೋರಿಸಿ ಬರೆಸಿದರು.

ಹಿಂದೂಪುರಕ್ಕೆ ಬಂದು ಸಂಜೆಗೆಲ್ಲ ರಿಪೋರ್ಟು ಮುಗಿಸಿದೆ. ಜಾಗ ಯೋಗ್ಯವಾಗಿದೆ, ವಿಧಾನ ಸರಿಯಾಗಿದೆ, ಮೂರು ವಾರದ ತಪ್ಪಿಗೆ ಕಾರಣ ಅಲ್ಲಿನ ಕೆಲಸಗಾರರು ಹಲಗೆಯ ಎರಡು ಬದಿಗೆ ಕಟ್ಟಿದ ಹಸಿ ಬಾಳೆಕಂದು. ಅಷ್ಟೂ ನಿಜ. ಕೆಲಸಗಾರರು ನನ್ನನ್ನು ಕೇಳಿದ್ದರು ಅಂತ ಒಂದು ಸಾಲು ಬರೆಯಬೇಕಿತ್ತು, ಬರೆಯಲಿಲ್ಲ. ಬೇಕಂತ ಮುಚ್ಚಿಟ್ಟೆನೇ ಅಂತ ಆಮೇಲೆ ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಮುಚ್ಚಿಡುವುದಕ್ಕೂ ಮನಸ್ಸು ಅಂತ ಒಂದು ಬೇಕು. ಕಳಿಸಿ, ಪಾರ್ವತಮ್ಮ ಕೊಟ್ಟ ಚಿತ್ರಾನ್ನ ತಿಂದು ಮಲಗಿದೆ.

ಮುಂದಿನ ವಾರ ಸಾಹೇಬರೇ ಹೈದರಾಬಾದಿನಿಂದ ಕಲ್ಯಾಣದುರ್ಗಕ್ಕೆ ಬಂದರು. ಮೂರು ವಾರದ ಪರೀಕ್ಷೆ ಹಾಳಾದದ್ದಕ್ಕೆ ಮೇಲಿನವರಿಗೆ ಅವರು ಜವಾಬು ಹೇಳಬೇಕಿತ್ತು. ಕೆಳಗಿನ ಕೋಣೆಯಲ್ಲಿ ನಾವು ಮೂವರೇ. ಸಾಹೇಬರು ಕುರ್ಚಿಯಲ್ಲಿ, ನಾನು ಕಿಟಕಿ ಹತ್ತಿರ, ಈರಣ್ಣ ನಿಂತಿದ್ದರು.

"ಎವರ್ನಿ ಅಡಿಗಿ ಕಟ್ಟಿನಾವು?" ಅಂದರು ಸಾಹೇಬರು. ಯಾರನ್ನ ಕೇಳಿ ಕಟ್ಟಿದೆ ಅಂತ.

ನಾನು ತಲೆಯೆತ್ತಿದೆ. ಈರಣ್ಣ ನನ್ನ ಕಡೆ ನೋಡಲಿಲ್ಲ.

"ಎವರ್ನೀ ಅಡಗಲೇದು ಸಾರ್. ನೇನೇ ಕಟ್ಟಿನಾ." ಯಾರನ್ನೂ ಕೇಳಲಿಲ್ಲ ಸಾರ್, ನಾನೇ ಕಟ್ಟಿದೆ.

ಅಲ್ಲಿಂದ ಮೂರು ಅಡಿ ದೂರದಲ್ಲಿ ನಾನಿದ್ದೆ. ಬಾಯಿ ತೆರೆಯಲು ಬೇಕಾದಷ್ಟು ಸಮಯವಿತ್ತು. ಸಾಹೇಬರು ಪೆನ್ನು ಹುಡುಕಿದರು, ಮುಚ್ಚಳ ತೆಗೆದರು, ತಾರೀಖು ಕೇಳಿದರು. ತಾರೀಖು ಹೇಳಿದ್ದು ನಾನೇ. ಹೆದರಿ ಸುಮ್ಮನಿದ್ದೆ ಅಂತ ಹೇಳಿಕೊಂಡರೆ ಅದೂ ಒಂದು ಮರ್ಯಾದೆಯ ಮಾತಾದೀತು. ಹೆದರಿಕೆಯೂ ಇರಲಿಲ್ಲ.

ಸೋಮವಾರದಿಂದ ಬೇರೆಯವರನ್ನು ಕಳಿಸಲು ಕಂಟ್ರಾಕ್ಟರನಿಗೆ ಹೇಳುತ್ತೇನೆ ಅಂದರು ಸಾಹೇಬರು. ಹಲಗೆ ಪಾಸಾಯಿತು, ಕಾಯಂ ಆಯಿತು, ಈಗಲೂ ಅಲ್ಲೇ ಇದೆ. ನನ್ನ ರಿಪೋರ್ಟಿಗೆ ಒಳ್ಳೆಯ ಹೆಸರು ಬಂತು. ಒಣಗುವ ಬಾಳೆಕಂದನ್ನು ಅಂಕಿಗಳಲ್ಲೇ ಕಂಡುಹಿಡಿದವಳು ಅಂತ ಆಫೀಸಿನಲ್ಲಿ ಹೊಸಬರಿಗೆ ನನ್ನನ್ನು ಪರಿಚಯ ಮಾಡಿಸುತ್ತಾರೆ. ಪ್ರತಿ ನವರಾತ್ರಿಗೆ ಎಲ್ಲ ಕಡೆಗೂ ಒಂದು ಸುತ್ತೋಲೆ ಹೋಗುತ್ತದೆ, ಹಲಗೆಗೆ ಹಸಿ ಗಿಡ, ಹೂವು, ಎಲೆ ಏನನ್ನೂ ಕಟ್ಟಕೂಡದು ಅಂತ. ಕೆಳಗೆ ನನ್ನ ಹೆಸರಿರುತ್ತದೆ.

ಅದೆಲ್ಲ ಆಮೇಲಿನ ಮಾತು. ಆ ದಿನ ಮಧ್ಯಾಹ್ನ ಸಾಹೇಬರು ಊಟಕ್ಕೆ ಎದ್ದರು. "ಐದು ಗಂಟೆವರೆಗೂ ನಾನಿಲ್ಲೇ ಇರ್ತೀನಿ. ರಿಪೋರ್ಟಲ್ಲಿ ಏನಾದ್ರೂ ಸೇರಿಸೋದಿದ್ರೆ ಫೋನ್ ಮಾಡಿ. ಆಮೇಲೆ ಸಹಿ ಮಾಡಿ ಕಳಿಸಿಬಿಡ್ತೀನಿ" ಅಂದರು. ನಾನು ಹಿಂದೂಪುರದ ಬಸ್ಸಿಗೆ ಹೊರಟೆ. ಈರಣ್ಣ ನನ್ನ ಬ್ಯಾಗು ಹಿಡಿದುಕೊಂಡು ಬಸ್‌ಸ್ಟ್ಯಾಂಡಿನವರೆಗೂ ಬಂದರು. ಬೇಡ ಅಂದರೂ ಬಿಡಲಿಲ್ಲ. ಬಸ್ಸು ಬಂದಿರಲಿಲ್ಲ. ಕಡಲೆಕಾಯಿ ಮೂಟೆಗಳ ಪಕ್ಕ ನಿಂತೆವು.

"ನೀವು ನನ್ನನ್ನ ಕೇಳಿದ್ರಿ ಈರಣ್ಣ. ಎರಡು ಸಲ ಕೇಳಿದ್ರಿ. ಹೇಳಬಹುದಾಗಿತ್ತಲ್ಲ" ಅಂದೆ.

ಅವರು ನನ್ನ ಬ್ಯಾಗನ್ನು ಒಂದು ಮೂಟೆಯ ಮೇಲೆ ಇಟ್ಟರು.

"ಕೇಳ್ದೆ, ನೀವು ಹೂಂ ಅಂದ್ರಿ. ಆದ್ರೆ ಆವತ್ತು ನೀವು ಅಲ್ಲಿ ಇರ್ಲಿಲ್ಲ ಕಣಮ್ಮ. ಕುಂತಿದ್ರಿ, ಇರ್ಲಿಲ್ಲ. ನಮ್ಮವ್ವ ಸತ್ತಾಗ ನಾನೂ ಆರು ತಿಂಗ್ಳು ಹಂಗೇ ತಿರುಗ್ದೋನು. ಇಲ್ದೋರ ಹೆಸ್ರು ಹೆಂಗೆ ಹೇಳಾದು?"

"ಮನೇಲಿ ಏನಂತೀರಿ?"

"ಏನೋ ಒಂದು ಅಂತೀನಿ ಬುಡಿ. ಅವ್ಳಿಗೆ ಕಾಲು ನೋವೇ ಸಾಕಾಗೈತೆ, ನಾನೇನು ಅಂದ್ರೂ ಕೇಳಿಸ್ಕೊಳ್ಳಲ್ಲ" ಅಂತ ನಕ್ಕರು. ಅಷ್ಟರಲ್ಲಿ ಬಸ್ಸು ಬಂತು. ಕಿಟಕಿಯಿಂದ ಬ್ಯಾಗು ತೂರಿಸಿ ನನಗೊಂದು ಸೀಟು ಹಿಡಿದುಕೊಟ್ಟು, "ಒತ್ತೊತ್ತಿಗೆ ಉಣ್ಣಮ್ಮ. ನಾನಿನ್ನು ಬತ್ತೀನಿ" ಅಂದರು. ಬಸ್ಸು ಹೊರಟಾಗ ಅವರು ಬೆಳುಗುಪ್ಪದ ಬಸ್ಸು ನಿಲ್ಲುವ ಕಡೆಗೆ ಹೋಗುತ್ತಿದ್ದರು.

ಟಿಕೆಟ್ ತಗೊಂಡೆ. ಗಂಟೆ ಎರಡಾಗಿತ್ತು. ಹಿಂದೂಪುರ ತಲುಪುವಷ್ಟರಲ್ಲಿ ಐದು ದಾಟುತ್ತದೆ. ಸಾಹೇಬರ ನಂಬರು ಇತ್ತು, ಫೋನು ತೊಡೆಯ ಮೇಲೇ ಇತ್ತು, ಪಕ್ಕದ ಸೀಟು ಖಾಲಿಯಿತ್ತು. ಆ ರಸ್ತೆಯ ಒಂದೊಂದು ಟವರೂ ನನಗೆ ಗೊತ್ತು. ದಾರಿಯುದ್ದಕ್ಕೂ ಸಿಗ್ನಲ್ ಚೆನ್ನಾಗಿತ್ತು.